ಮೈದುನನ ಬಲಗೈ ಹೆಬ್ಬೆರಳು

ಕಿಯ್ಯೂಂ, ಕಿಯ್ಯೂಂ, ಕಿಯ್ಯೂಂ. ತೊಂಬತ್ತರ ದಶಕ ಎಂದರೆ ಬೇರೆಯವರಿಗೆ ಏನೇನೋ ಕೇಳಿಸಬಹುದು. ನನಗೆ ಕೇಳಿಸುವುದು ಇದೊಂದೇ: ಆಕಾಶನೌಕೆಗಳು ಬಂದೂಕು ಹಾರಿಸಿಕೊಳ್ಳುವ ಸದ್ದು. ಅದೂ ಎಲ್ಲಿಂದ? ಸೇಲಂ ಕಡೆಯ ಮೊರಪ್ಪೂರಿನ ನಮ್ಮ ಮನೆಯ ಜಗಲಿಯಿಂದ, ಬೆಳಗಿನ ಕಾಫಿಯ ಹೊತ್ತಿಗೆ.

ಹಾರಿಸುತ್ತಿದ್ದವನು ನನ್ನ ಮೈದುನ. ಅವನಂಥ ಸಜ್ಜನ ನಮ್ಮ ಕುಟುಂಬದಲ್ಲಿ ಇನ್ನೊಬ್ಬನಿರಲಿಲ್ಲ, ಒಂದು ಬೆರಳನ್ನು ಬಿಟ್ಟು. ಬೀಡಿ ಇಲ್ಲ, ಇಸ್ಪೀಟಿಲ್ಲ, ಪರ್ಫೆಕ್ಟ್ ಜೆಂಟಲ್‌ಮನ್. ಒಂಬತ್ತು ಬೆರಳು ಕಾನ್ವೆಂಟಿನಲ್ಲಿ ಓದಿದ ಹಾಗೆ ಇದ್ದವು. ಬಲಗೈ ಹೆಬ್ಬೆರಳು ಮಾತ್ರ ಬಟನ್ ಕಂಡರೆ ಒತ್ತದೆ ಬಿಡುತ್ತಿರಲಿಲ್ಲ.

ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಉದ್ಯೋಗ. ನಮ್ಮ ಕಡೆ ಮೈಕ್ ಇಲ್ಲದೆ ಯಾರ ಮದುವೆಯೂ ಆಗುವುದಿಲ್ಲ, ಯಾರೂ ಸಾಯುವುದೂ ಇಲ್ಲ. ಹೀಗಿರುವಾಗ ಒಮ್ಮೆ ಮದರಾಸಿಗೆ ಹೋದವನು ಒಂದು ಡಿಜೆ ಮಿಕ್ಸರ್ ಹೊತ್ತು ತಂದ. ಒಂದು ಹಾಡಿನಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರಲೆಂದು ಮಾಡಿದ ಯಂತ್ರ ಅದು. ಅವನಿಗೆ ಹಾಡಿನ ಯೋಚನೆಯೇ ಇರಲಿಲ್ಲ. ಅದರ ಮೂಲೆಯಲ್ಲಿ ಆರು ಪುಟ್ಟ ಬಟನ್ನುಗಳಿದ್ದವು. ಒತ್ತಿದರೆ ಒಳಗೆ ತುಂಬಿಟ್ಟಿದ್ದ ಸದ್ದು ಹೊರಗೆ ಬರುತ್ತಿತ್ತು.

"ಅತ್ಗೆ, ಇಂಗ್ಲೀಷ್ನಾಗೆ ಏನೋ ಬರ್ದೈತೆ. ವಸಿ ಓದಿ."

ಸೇಲಂನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಅಷ್ಟು ಕಷ್ಟಪಟ್ಟು ಇಂಗ್ಲಿಷ್ ಕಲಿಸಿದ್ದು ಇದಕ್ಕೇ ಇರಬೇಕು. ಕನ್ನಡಕ ಹಾಕಿಕೊಂಡು, ಪ್ರೊನನ್ಸಿಯೇಷನ್ ಕೆಡದಂತೆ ಓದಿದೆ: ಸೈರನ್, ಲೇಸರ್, ಟೆಲಿಫೋನ್, ಗ್ಲಾಸ್ ಬ್ರೇಕ್, ಎಕ್ಸ್‌ಪ್ಲೋಷನ್, ಅಪ್ಲಾಸ್.

"ಕಡೇದು ಅಂದ್ರೆ?"

"ಚಪ್ಪಾಳೆ."

"ಯಾರ್ ತಟ್ಟೋದು?"

"ಯಾರೂ ಇಲ್ಲ. ಮೆಷೀನೇ ತಟ್ಟುತ್ತೆ."

ಒತ್ತಿಯೇಬಿಟ್ಟ. ನಮ್ಮ ಜಗಲಿಯ ಮೇಲೆ ಒಂದು ಸಾವಿರ ಜನ ಚಪ್ಪಾಳೆ ತಟ್ಟಿದರು. ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು, "ಯಾರ್ ಬಂದವ್ರೆ? ಕಾಪಿ ಎಷ್ಟ್ ಲೋಟ ಮಾಡ್ಲಿ?" ಎಂದಳು.

ನಾನು ಓದಿ ಹೇಳಿದ್ದು ಮರೆತುಹೋಗಬಾರದೆಂದು ಅವಳ ಸ್ಟಿಕ್ಕರ್ ಬೊಟ್ಟುಗಳನ್ನು ತಂದು ಬಟನ್ನುಗಳಿಗೆ ಅಂಟಿಸಿದ. ಸೈರನ್ನಿಗೆ ಕೆಂಪು, ಚಪ್ಪಾಳೆಗೆ ಹಸಿರು. ಮಿಕ್ಸರು ಮದುವಣಗಿತ್ತಿಯಂತೆ ಕಂಗೊಳಿಸಿತು.

ಅದರ ಮೊದಲ ಸವಾರಿ ಹರೂರು ರಸ್ತೆಯ ಒಂದು ಹಳ್ಳಿಗೆ, ಮಗುವಿನ ಕಿವಿ ಚುಚ್ಚುವುದಕ್ಕೆ. ಸೋದರಮಾವನ ತೊಡೆಯ ಮೇಲೆ ಕೂತ ಮಗು ಸೂಜಿ ಕಂಡೊಡನೆ ಕಿರುಚಿತು. ಅಳು ಮರೆಸೋಣವೆಂದು ನಮ್ಮವನು ಕೆಂಪು ಬೊಟ್ಟು ಒತ್ತಿದ. ಮಗು ಬಾಯಿ ತೆರೆದುಕೊಂಡು ಸುಮ್ಮನಾಯಿತು, ಕಿವಿ ಚುಚ್ಚಿದ್ದೂ ಆಯಿತು. ಆದರೆ ಎದುರಿಗೇ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಾಡುವ ಫ್ಯಾಕ್ಟರಿ ಇತ್ತಲ್ಲ! ಒಳಗೆ ಮರಗೆಣಸು ಸುಲಿಯುತ್ತಿದ್ದ ಹೆಂಗಸರು ಕೆಲಸ ಬಿಡುವ ಸೈರನ್, ಅವರ ಮಾತಿನಲ್ಲಿ ಸಂಗು, ಕೂಗಿತೆಂದು ಕೈ ತೊಳೆದು ಹೊರಗೆ ಬಂದರು. ಬಂದವರಿಗೆ ಕಂಡದ್ದು ಚಪ್ಪರದಡಿ ಹಾಕಿದ್ದ ಎಲೆಗಳು. ಕೂತರು.

ಮೇಸ್ತ್ರಿ ಓಡಿಬಂದ. "ಯಾರ್ಲಾ ಸಂಗು ಊದಿದ್ದು? ಏಳಿ, ಏಳಿ!"

ಅವರಲ್ಲಿ ಹಿರಿಯಳು ಎಲೆಗೆ ನೀರು ಚಿಮುಕಿಸುತ್ತಾ ಹೇಳಿದಳು: "ನಮ್ಗೇನ್ ಗೊತ್ತು ಮೇಸ್ತ್ರಿ? ಸಂಗು ಊದ್ತು, ಬಂದೋ. ಅನ್ನ ಬಡ್ಸವ್ರೆ. ಈಗ ಎದ್ರೆ ಮನೆಯೋರ್ಗೆ ಅವಮಾನ ಅಲ್ವಾ? ನೀನೂ ಕೂತ್ಕೋ."

ಮೇಸ್ತ್ರಿಯೂ ಕೂತ. ಪಾಯಸ ಎರಡು ಸಲ ಹಾಕಿಸಿಕೊಂಡನಂತೆ.

ಆಮೇಲಿನದು ಒಂದು ಸಾವಿನ ಮನೆ. ಊರ ಹಿರಿಯರು ತೀರಿಕೊಂಡವರ ಗುಣಗಾನ ಮುಗಿಸಿ ಮೈಕ್ ಕೆಳಗಿಟ್ಟರು. ಬಿಸಿಲಿಗೆ ಬೊಟ್ಟುಗಳು ಜಾರಿಹೋಗಿದ್ದವೋ, ಹೆಬ್ಬೆರಳಿಗೇ ತಡೆಯಲಾಗಲಿಲ್ಲವೋ, ಚಪ್ಪಾಳೆ ಮೊಳಗಿತು. ಸತ್ತವರ ಮಗ ಇವನ ಕೊರಳಪಟ್ಟಿ ಹಿಡಿದ. ತಡೆದವಳು ತೀರಿಕೊಂಡವರ ಹೆಂಡತಿಯೇ: "ಬಿಡ್ಲಾ ಅವ್ನ. ಬದುಕಿದ್ದಾಗ ಒಬ್ರೂ ತಟ್ನಿಲ್ಲ. ಈಗಾದ್ರೂ ಆಗ್ಲಿ."

ಸುದ್ದಿ ಸುತ್ತಮುತ್ತ ಹಬ್ಬಿತು. ಜನ ನಕ್ಕರು. ನಗದಿದ್ದವಳು ಅವನ ಒಬ್ಬಳೇ ಮಗಳು. ಅವಳಿಗೆ ಸೇಲಂನಲ್ಲಿ ಗಂಡು ಗೊತ್ತಾಗಿತ್ತು. ಪಟ್ಟಣದ ಜನ, ನಗುವನ್ನೂ ಅಳೆದು ತೂಗಿ ನಗುವವರು.

"ಅಪ್ಪ, ಮದ್ವೆಗೆ ನಿನ್ ಸೆಟ್ಟೇ ಇರ್ಲಿ. ಆದ್ರೆ ಅಲ್ಲಿ ಒಂದ್ ಬಟನ್ ಒತ್ತಿದ್ರೂ ನಾನ್ ಮಣೆ ಬಿಟ್ಟು ಎದ್ ಓಯ್ತೀನಿ. ಅವ್ರ್ ಮುಂದೆ ನಾನ್ ತಲೆ ಎತ್ಕೊಂಡು ಬಾಳ್ಬೇಕು."

"ಸುಮ್ಮಾ ಒಂದೇ ಒಂದ್ ದಪ..."

"ಅಪ್ಪಾ."

"ಇಲ್ಲ ತಾಯಿ. ಒತ್ತಾಕಿಲ್ಲ."

ಅವಳಿಗೆ ಅಪ್ಪನ ಮೇಲೆ ನಂಬಿಕೆಯಿತ್ತು, ಹೆಬ್ಬೆರಳ ಮೇಲೆ ಇರಲಿಲ್ಲ. ಆರೂ ಬಟನ್ನುಗಳ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದಳು.

ಹೆಣ್ಣಿನ ಮನೆಯವರು ಕೆಲವೇ ಜನ ಮದುವೆಯ ಹಿಂದಿನ ದಿನವೇ ಟ್ರೈನಿನಲ್ಲಿ ಸೇಲಂ ಸೇರಿದ್ದೆವು. ಉಳಿದ ನೆಂಟರೆಲ್ಲ ಪೆನ್ನಾಗರದ ಕಡೆಯಿಂದ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರಬೇಕಿತ್ತು. ಆ ಬಸ್ಸು ತೊಪ್ಪೂರು ಘಾಟಿನಲ್ಲಿ, ಮಗುಚಿಬಿದ್ದ ಲಾರಿಯೊಂದರ ಹಿಂದೆ ಸಿಕ್ಕಿಹಾಕಿಕೊಂಡಿತು. ಮುಹೂರ್ತ ಕಾಯುತ್ತದೆಯೇ? ಮಂಟಪದ ಒಂದು ಕಡೆ ಗಂಡಿನವರು ಕಿಕ್ಕಿರಿದಿದ್ದರು. ನಮ್ಮ ಕಡೆ ಬರೀ ಕುರ್ಚಿಗಳು. ಗಂಡಿನ ಅಪ್ಪ ಆ ಕುರ್ಚಿಗಳನ್ನು ನೋಡಿ, "ಇವ್ಳೋ ಪೇರ್ ತಾನಾ?" ಎಂದರು. ಇಷ್ಟೇ ಜನವಾ, ಅಂತ. ಮೈದುನ ಮಿಕ್ಸರಿನ ಹಿಂದೆ ಹೋಗಿ ನಿಂತ.

ಹುಡುಗ ಹಾರ ಹಾಕಿದ. ಅವನ ಕಡೆಯವರ ಚಪ್ಪಾಳೆಗೆ ಮಂಟಪ ಅದುರಿತು. ಈಗ ನಮ್ಮ ಹುಡುಗಿಯ ಸರದಿ. ಹಾರ ಹಿಡಿದುಕೊಂಡು ಖಾಲಿ ಕುರ್ಚಿಗಳನ್ನು ನೋಡಿದಳು. ಆಮೇಲೆ ಮಿಕ್ಸರಿನ ಹಿಂದೆ ನಿಂತಿದ್ದ ಅಪ್ಪನತ್ತ ನೋಡಿದಳು. ಅವನು ಮಾತಿಗೆ ತಪ್ಪಿರಲಿಲ್ಲ. ಹೆಬ್ಬೆರಳನ್ನು ಮೇಲೆತ್ತಿ, ಹೊರಗೆ ಹೋಗಲು ಟೀಚರನ್ನು ಕೇಳುವ ಹುಡುಗನ ಹಾಗೆ, ಸುಮ್ಮನೆ ತೋರಿಸಿದ. ಅವಳು ಹೂಂ ಎಂದು ಮೆಲ್ಲಗೆ ತಲೆಯಾಡಿಸಿದಳು.

ಪ್ಲಾಸ್ಟರ್ ಕಿತ್ತುಬಂತು. ಒಂದು ಸಾವಿರ ಜನ ನೆಂಟರು ಚಪ್ಪಾಳೆ ತಟ್ಟುತ್ತಾ ಒಟ್ಟಿಗೇ ಬಂದು ಆ ಖಾಲಿ ಕುರ್ಚಿಗಳಲ್ಲಿ ಕೂತರು. ಗಂಡಿನ ಅಪ್ಪ ಎರಡು ಸಲ ಹಿಂತಿರುಗಿ ನೋಡಿದರು. ಆಮೇಲೆ ಅಳತೆ ಮರೆತು ನಕ್ಕರು. ಹುಡುಗಿ ಎಷ್ಟು ನಗುತ್ತಿದ್ದಳೆಂದರೆ ಹಾರ ಹುಡುಗನ ಒಂದೇ ಕಿವಿಗೆ ನೇತುಬಿತ್ತು.

ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಕೊಯಮತ್ತೂರಿನ ತಂಗಿಯ ಮನೆಗೆ ಹೊರಟೆ. ಮೊರಪ್ಪೂರು ಸ್ಟೇಷನ್ನಿಗೆ ಕಳಿಸಲು ಬಂದವನು ಅವನೇ. ಸಾಮಾನೆಲ್ಲ ಸೀಟಿನಡಿ ಜೋಡಿಸಿ ಕೆಳಗಿಳಿದು ಕಿಟಕಿಯ ಹತ್ತಿರ ನಿಂತ. ಮಿಕ್ಸರ್ ಹೇಗಿದೆ ಎಂದು ಕೇಳಿದೆ.

"ಮಿಕ್ಕಿದ್ದೆಲ್ಲ ಐತೆ ಅತ್ಗೆ. ಅಸುರು ಬೊಟ್ಟಿನ ಚಪ್ಪಾಳೆ ಬಟನ್ ಮಾತ್ರ ಓಗ್ಬುಡ್ತು. ಆ ಮದ್ವೆ ಆದ್ಮೇಲೆ ಎಲ್ಲಾರ್ಗೂ ಅದೇ ಬೇಕು."

ಗಾಡಿ ಅಲುಗಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಆ ಬಿಸಿಲಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ನಿಂತು, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟತೊಡಗಿದ. ಜನ ತಿರುಗಿ ನೋಡುತ್ತಿದ್ದರು. ಅವನು ನಿಲ್ಲಿಸಲಿಲ್ಲ. ಒಬ್ಬ ಮನುಷ್ಯನ ಚಪ್ಪಾಳೆ ಎಷ್ಟು ಸಣ್ಣ ಸದ್ದು ಎಂದು ನನಗೆ ಆವತ್ತೇ ಗೊತ್ತಾದದ್ದು. ತಿರುವಿನಲ್ಲಿ ಅವನು ಮರೆಯಾಗುವ ತನಕ ಅದು ನನಗೆ ಕೇಳಿಸುತ್ತಲೇ ಇತ್ತು. ಅವನನ್ನು ನಾನು ನೋಡಿದ್ದು ಅದೇ ಕೊನೆ.