ಒಂದು ಸ್ಟಾಫ್ ರೂಮು, ನಾಲ್ಕು ಬಗೆಯ ಉಪವಾಸ

ಹಸಿವು ಎಲ್ಲರಿಗೂ ಒಂದೇ ಥರ ಆಗುತ್ತದೆ. ಉಪವಾಸ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಹಾಗಾಗಿ ಬೇರೆ ಬೇರೆ ಮತದ ನಾಲ್ವರು ಉಪವಾಸಿಗಳು ಒಂದು ಕಡೆ ಸೇರಿದರೆ ಏನಾದರೂ ಆಗದೆ ಇರುವುದಿಲ್ಲ.

ನಾನು ಹುಟ್ಟಿದ್ದು ಬಾಗಲಕೋಟೆಯಲ್ಲಿ. ಮದುವೆಯಾಗಿ ಮೈಸೂರಿಗೆ ಬಂದವಳು ಇವತ್ತಿಗೂ ಇಲ್ಲೇ ಇದ್ದೇನೆ. ಏಕೀಕರಣವಾದ ಮರುವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಡುಗೆ ಕಲಿಸುವ ಟೀಚರಾಗಿ ಸೇರಿದೆ. ಕೆಲಸ ಹಂಗಾಮಿ. ಯಜಮಾನರು ಕಾಯಿಲೆ ಬಿದ್ದಿದ್ದರು, ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದಲೇ. ಇನ್‌ಸ್ಪೆಕ್ಟ್ರೆಸ್ ಬಂದು ಪಾಠ ನೋಡಿ ಒಳ್ಳೆಯ ಮಾತು ಬರೆದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಅವರು ಬರುವುದಕ್ಕೆ ಒಂದು ವರ್ಷ ಹಿಡಿಯಿತು. ಇದರಲ್ಲಿ ಹೆಚ್ಚಿನದು ಆ ಒಂದು ವರ್ಷದಲ್ಲಿ ನಡೆದದ್ದು.

ಪಲಾರ

ನಮ್ಮ ತವರಿನಲ್ಲಿ ಏಕಾದಶಿ ಎಂದರೆ ನೀರು, ತೀರಾ ಆಗದವರಿಗೆ ಒಂದು ಹಿಡಿ ಶೇಂಗಾ. ಮೈಸೂರಿಗೆ ಬಂದ ಹೊಸದರಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ನನ್ನನ್ನು ಏಕಾದಶಿ ಪಲಾರಕ್ಕೆ ಕರೆದರು. ಹೋಗಿ ನೋಡಿದರೆ ರವೆ ಉಪ್ಪಿಟ್ಟು, ಗೋಧಿ ದೋಸೆ, ಎರಡು ಚಟ್ನಿ, ಸಜ್ಜಿಗೆ, ಬಾಳೆಹಣ್ಣಿನ ರಸಾಯನ.

“ಇದು ಉಪವಾಸೇನ್ರಿ?” ಎಂದೆ.

“ಮತ್ತೆ? ಬೆಳಗಿನಿಂದ ಒಂದಗುಳು ಅನ್ನ ಮುಟ್ಟಿಲ್ಲ ಕಣಮ್ಮ” ಎನ್ನುತ್ತಾ ನನ್ನ ಎಲೆಗೆ ಎರಡನೇ ದೋಸೆ ಹಾಕಿದರು.

ನಮ್ಮೂರಿನ ನೀರಿನ ಏಕಾದಶಿಯನ್ನು ವರ್ಣಿಸಿದೆ. ಒಡತಿ ‘ಅಯ್ಯೋ ಪಾಪ’ ಎಂದು ಲೊಚಗುಟ್ಟಿದರು. ಪಕ್ಕದ ಎಲೆಯಲ್ಲಿ ರಸಾಯನ ಬಳಿಯುತ್ತಿದ್ದ ಅವರ ಯಜಮಾನರು ತಲೆ ಎತ್ತದೆ ಹೇಳಿದರು: “ನಮಗೂ ಕಷ್ಟ ಇದೆಯಮ್ಮ. ಇದು ಹದಿನೈದು ದಿನಕ್ಕೆ ಒಂದೇ ಸಲ ಬರೋದು.”

ಕಾಫಿ ಬಿಟ್ಟವರು

ನಮ್ಮ ಹೊಲಿಗೆ ಮೇಡಂ ಕ್ರೈಸ್ತರು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಅವರಲ್ಲಿ ವ್ರತ; ಪ್ರಾಣಕ್ಕೆ ಪ್ರಿಯವಾದ ಒಂದು ವಸ್ತುವನ್ನು ಬಿಡಬೇಕು. ಅವರು ಕಾಫಿ ಬಿಟ್ಟರು.

ಮೊದಲ ದಿನ ತಲೆನೋವು. ಎರಡನೇ ದಿನ ಮೌನ. ಮೂರನೇ ದಿನ ಒಂದು ಇಡೀ ತರಗತಿ ಹೊಲಿದಿದ್ದ ದಿಂಬಿನ ಚೀಲಗಳನ್ನೆಲ್ಲ ಬಿಚ್ಚಿಸಿದರು. ವಾರದ ಕೊನೆಗೆ ಮಕ್ಕಳು ಕಾರಿಡಾರಿನಲ್ಲಿ ಅವರನ್ನು ಕಂಡರೆ ಗೋಡೆಗೆ ಅಂಟಿಕೊಳ್ಳತೊಡಗಿದರು.

ನಮ್ಮ ಹೆಡ್‌ಮಿಸ್ಟ್ರೆಸ್ ತಾಳ್ಮೆಯ ಹೆಂಗಸು. ಕರೆದು ಕೂರಿಸಿ, “ಕಾಫಿ ಬದಲು ಮಾಂಸ ಬಿಡಬಹುದಲ್ವಾ ಮೇಡಂ?” ಎಂದರು.

“ಅದನ್ನೂ ಬಿಟ್ಟಿದೀನಿ. ದೇವರಿಗೋಸ್ಕರ ಇಷ್ಟೂ ತಪಸ್ಸು ಮಾಡದೆ ಇದ್ದರೆ ಹೇಗೆ?”

“ಕಾಫಿ ಬಿಟ್ಟಿರೋದು ನೀವು ಕಣ್ರೀ” ಎಂದರು ಹೆಡ್‌ಮಿಸ್ಟ್ರೆಸ್. “ತಪಸ್ಸು ಮಾಡ್ತಿರೋದು ನಾವು.”

ಇಬ್ಬರ ಸೂರ್ಯ

ಲೆಕ್ಕದ ಮೇಡಂ ಜೈನರು, ಸೂರ್ಯ ಮುಳುಗಿದ ಮೇಲೆ ತಿನ್ನುವುದಿಲ್ಲ. ಅವರ ಪಕ್ಕದ ಕುರ್ಚಿ ಉರ್ದು ಮೇಡಮ್ಮಿನದು; ರಂಜಾನಿನಲ್ಲಿ ಅವರು ಸೂರ್ಯ ಮುಳುಗುವ ತನಕ ತಿನ್ನುವುದಿಲ್ಲ. ಬೇರೆ ದಿನಗಳಲ್ಲಿ ಇಬ್ಬರೂ ಅಕ್ಕತಂಗಿಯರ ಹಾಗೆ.

ಆ ವರ್ಷದ ರಂಜಾನಿನಲ್ಲಿ ಪರೀಕ್ಷೆಯ ಅಂಕಪಟ್ಟಿ ಮುಗಿಯದೆ ಎಲ್ಲರೂ ಸಂಜೆಯವರೆಗೆ ಉಳಿದೆವು. ಹೊರಗೆ ದಟ್ಟ ಮೋಡ. ಲೆಕ್ಕದ ಮೇಡಂ ಡಬ್ಬಿ ತೆಗೆದು, “ಇನ್ನೂ ಬೆಳಕಿದೆ, ತಿಂದುಬಿಡ್ತೀನಿ” ಎಂದರು.

“ಎಲ್ಲಿಯ ಬೆಳಕು?” ಎಂದು ಉರ್ದು ಮೇಡಂ ಖರ್ಜೂರದ ಪೊಟ್ಟಣ ಬಿಚ್ಚಿದರು. “ಆಗಲೇ ಮುಳುಗಿದೆ.”

“ಮುಳುಗಿಲ್ಲ. ಕಿಟಕಿ ನೋಡಿ, ಕೆಂಪಗಿದೆ.”

“ಆ ಕೆಂಪು ಮುಳುಗಿದ ಮೇಲೆ ಬರೋದು.”

ಮುಳುಗಿದ್ದರೆ ಒಬ್ಬರಿಗೆ ರಾತ್ರಿಯೆಲ್ಲ ಹಸಿವು, ಮುಳುಗಿರದಿದ್ದರೆ ಇನ್ನೊಬ್ಬರ ದಿನದ ಉಪವಾಸವೆಲ್ಲ ನೀರಿನಲ್ಲಿ ಹೋಮ. ತಿನ್ನುವ ಧೈರ್ಯ ಇಬ್ಬರಿಗೂ ಇಲ್ಲ. ಕೊನೆಗೆ ಹೆಡ್‌ಮಿಸ್ಟ್ರೆಸ್ ನಮ್ಮ ಮುದುಕ ಜವಾನನನ್ನು ಕರೆದು, “ಮಹಡಿ ಹತ್ತಿ ನೋಡಿ ಬಾಪ್ಪ, ಸೂರ್ಯ ಮುಳುಗಿದನೋ ಇಲ್ಲವೋ” ಎಂದರು.

ಅವನು ಮೆಟ್ಟಿಲವರೆಗೆ ಹೋಗಿ ತಿರುಗಿ ನಿಂತ. “ನೋಡ್ಬುಟ್ ಬತ್ತೀನಿ ಕಣವ್ವ. ಯಾವ ಮೇಡಮ್ಮೋರ್ ಕಡೆಯಿಂದ ನೋಡ್ಲಿ?”

ವಾಂಗೀಬಾತು

ಕೊನೆಗೂ ಇನ್‌ಸ್ಪೆಕ್ಟ್ರೆಸ್ ಬಂದರು. ಐದು ದಿನದಿಂದ ತಾಲ್ಲೂಕು ಶಾಲೆಗಳನ್ನು ಸುತ್ತಿ ಬಂದಿದ್ದ, ನಗುವ ಅಭ್ಯಾಸವಿಲ್ಲದ ಹೆಂಗಸು. ಪಾಠಪಟ್ಟಿಯ ಪ್ರಕಾರ ಆ ದಿನ ಮಕ್ಕಳು ವಾಂಗೀಬಾತು ಮಾಡಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬಡಿಸಿದೆ. ಅವರು ಅರ್ಧ ತಟ್ಟೆ ಖಾಲಿ ಮಾಡಿದರು.

“ಹದವಾಗಿದೆ. ಎಲ್ಲಿ, ನೀವೂ ಹಾಕಿಕೊಳ್ಳಿ” ಎಂದರು.

“ಬೇಡ ಮೇಡಂ, ಇವತ್ತು ಏಕಾದಶಿ” ಎಂದೆ.

ಚಮಚ ಬಾಯಿಯ ಹತ್ತಿರ ನಿಂತಿತು, ಮತ್ತೆ ತಟ್ಟೆಗೆ ಇಳಿಯಿತು.

“ಇಪ್ಪತ್ತು ವರ್ಷದಲ್ಲಿ ಒಂದೂ ಏಕಾದಶಿ ತಪ್ಪಿಸಿದವಳಲ್ಲ ನಾನು. ಊರೂರು ತಿರುಗಿ ತಿಥಿ ಮರೆತೆ. ನೀವು ನೆನಪಿಟ್ಟುಕೊಂಡು ಉಪವಾಸ ಇದ್ದೀರಿ, ನನಗೆ ಅನ್ನ ಬಡಿಸಿದಿರಿ.”

ಅವರು ಆಚರಿಸುವವರಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ. ಸ್ನೇಹಿತೆಯರು ನನ್ನನ್ನು ಉಳಿಸಲು ಮುಂದೆ ಬಂದರು.

“ನಮ್ಮಲ್ಲಾದರೆ ಪಾದ್ರಿಗಳ ಹತ್ತಿರ ಹೇಳಿಕೊಂಡರೆ ಆಯ್ತು ಮೇಡಂ” ಎಂದರು ಹೊಲಿಗೆ ಮೇಡಂ.

“ನಾನು ಯಾವ ಪಾದ್ರೀನ ಹುಡುಕಲಿ?”

“ನಮ್ಮಲ್ಲಿ ಪ್ರಾಯಶ್ಚಿತ್ತಕ್ಕೆ ಇನ್ನೊಂದು ಉಪವಾಸ ಮಾಡ್ತಾರೆ” ಎಂದರು ಲೆಕ್ಕದ ಮೇಡಂ. ಇನ್‌ಸ್ಪೆಕ್ಟ್ರೆಸ್ ಮುಖ ಇನ್ನೂ ಕಪ್ಪಿಟ್ಟಿತು.

ಆಗ ಉರ್ದು ಮೇಡಂ ಮೆಲ್ಲಗೆ ಹೇಳಿದರು: “ನಮ್ಮಲ್ಲಿ ಮರೆತು ತಿಂದರೆ ರೋಜಾ ಮುರಿಯೋದಿಲ್ಲ ಮೇಡಂ. ಅಲ್ಲಾಹನೇ ಉಣ್ಣಿಸಿದ ಅಂತ ಲೆಕ್ಕ.”

“ಪೂರ್ತಿ ಮಾಫಿಯೇ?”

“ಪೂರ್ತಿ. ಆದರೆ ನೆನಪಾದ ತಕ್ಷಣ ನಿಲ್ಲಿಸಬೇಕು. ಆಮೇಲೆ ಒಂದು ತುತ್ತು ತಿಂದರೂ ಹೋಯ್ತು.”

ಇನ್‌ಸ್ಪೆಕ್ಟ್ರೆಸ್ ಫೈಲು ತೆರೆದು, ‘ಅಡುಗೆ ಪಾಠ ಉತ್ತಮ, ಖಾಯಂ ಮಾಡಬಹುದು’ ಎಂದು ಬರೆದು ರುಜು ಹಾಕಿದರು. ನಾನು ಅವರಿಗೆ ಕೈ ತೊಳೆಯಲು ನೀರು ತರೋಣವೆಂದು ಎದ್ದೆ.

ಅವರು ತಟ್ಟೆಯಲ್ಲಿ ಉಳಿದ ಅರ್ಧ ವಾಂಗೀಬಾತನ್ನು ನೋಡಿದರು. ತಟ್ಟೆಯನ್ನು ಹತ್ತಿರ ಎಳೆದುಕೊಂಡು ಚಮಚ ಎತ್ತಿಕೊಂಡರು.

“ಯಾರೂ ಮಾತಾಡಿಸಬೇಡಿ” ಎಂದರು. “ನನಗಿನ್ನೂ ಪೂರ್ತಿ ನೆನಪಾಗಿಲ್ಲ.”