ಉದ್ಘಾಟನೆಯಾಗದ ನೆರಳು

ಬಹಳ ಹಿಂದೆ, ಇಷ್ಟೊಂದು ಹಿಂದುಳಿಯಲು ಸಾಧ್ಯವೇ ಎನಿಸುವಷ್ಟು ಹಿಂದೆ, ಉದ್ಘಾಟನಾವತಿ ಎಂಬ ರಾಜ್ಯವಿತ್ತು. ಮಹಾರಾಜರು ಟೇಪು ಕತ್ತರಿಸಿ ತಮ್ಮ ಹೆಸರಿನ ಕಲ್ಲು ನೆಡಿಸುವವರೆಗೆ ಅಲ್ಲಿ ಯಾವುದೂ ಇದ್ದಂತಲ್ಲ. ಕಲ್ಲಿಲ್ಲದ ಸೇತುವೆಯ ಮೇಲೆ ಹೋಗುವವರೆಲ್ಲ ಸರ್ಕಾರದ ದೃಷ್ಟಿಯಲ್ಲಿ ಹೊಳೆಗೆ ಬಿದ್ದವರೇ.

ಶ್ರೀಮನ್ಮಹಾರಾಜ ಫಲಕಸೇನರು ಒಂದು ಸಂಜೆ ನಗರದ ಪುರಾತನ ಉದ್ಯಾನಕ್ಕೆ ಚಿತ್ತೈಸಿದರು. ಅಲ್ಲಿ ದೊಡ್ಡ ಹಲಸಿನ ಮರದಡಿ, ಹಿಂದೆ ನಾಟಕ ಕಂಪನಿಯಲ್ಲಿದ್ದ ಪುಟ್ಟಗೌರಮ್ಮ ಓಣಿಯ ಹೆಂಗಸರಿಗೆ ಎಂದಿನಂತೆ ಹಾಡು ಕಲಿಸುತ್ತಿದ್ದರು.

“ಈ ನೆರಳನ್ನು ಉದ್ಘಾಟಿಸಿದವರು ಯಾರು?” ಎಂದರು ರಾಜರು.

“ಯಾರೂ ಇಲ್ಲ ಪ್ರಭು. ಅನಧಿಕೃತ ನೆರಳು!” ಎಂದ ಉದ್ಯಾನಮಂತ್ರಿ ಸುಸ್ಥಿರಮತಿ.

“ನಮ್ಮಜ್ಜಿ ಕಾಲದಿಂದ್ಲೂ ಬೀಳ್ತಾ ಅದೆ ಬುದ್ಧಿ,” ಎಂದರು ಪುಟ್ಟಗೌರಮ್ಮ. “ಟೇಪು ಎಲ್ಲಿಗ್ ಕಟ್ತೀರ? ಮದ್ಯಾನ ಇಲ್ಲಿರ್ತದೆ, ಸಂಜೆಗೆ ಅಲ್ಲೋಯ್ತದೆ.”

“ನಿಂತಲ್ಲಿ ನಿಲ್ಲದ ನೆರಳೇ!” ರಾಜರು ಬೆಚ್ಚಿದರು. ಅಲ್ಲೇ ಅಪ್ಪಣೆಯಾಯಿತು: ಇಲ್ಲೊಂದು ಸುಸ್ಥಿರ ಸಾಂಸ್ಕೃತಿಕ ಮಂಟಪ ಏಳತಕ್ಕದ್ದು.

ಆಸ್ಥಾನದಲ್ಲಿ ಸುಸ್ಥಿರಮತಿ ಸ್ಲೈಡ್ ತೋರಿಸಿದ. “ಪ್ರಭು, ದೂರದಿಂದ ಸಾಮಗ್ರಿ ತಂದರೆ ಗಾಡಿಯ ಹೊಗೆಗೆ ಭೂಮಾತೆ ಕೆಮ್ಮುತ್ತಾಳೆ. ಆದ್ದರಿಂದ ಅತಿ ಹತ್ತಿರದ ಮರವನ್ನೇ ಬಳಸೋಣ.”

“ಎಷ್ಟು ಹತ್ತಿರ?”

“ಮಂಟಪದ ಜಾಗದಲ್ಲೇ ಇದೆ ಪ್ರಭು!”

ಆಸ್ಥಾನ ಆಹಾಕಾರಗೈದಿತು. ಮರುದಿನ ಮರ ಹಾಹಾಕಾರಗೈದಿತು.

ಗರಗಸದ ಸದ್ದಿಗೆ ಪುಟ್ಟಗೌರಮ್ಮ ಓಡಿಬಂದರು. “ನೆರಳು ಮಾಡಕ್ಕೆ ನೆರಳನ್ನೇ ಕಡೀತೀರಾ ಸ್ವಾಮಿ? ಮನೇಲಿ ಹಾಡುದ್ರೆ ಪಕ್ಕದ್ಮನೆಯೋರು ಗೋಡೆ ಕುಟ್ತಾರೆ. ನಾವೆಲ್ಲಿಗ್ ಹೋಗಾದು?”

“ತಾಯೀ, ಮಂಟಪ ನಿಮಗಾಗಿಯೇ. ನೀವೇ ಪಾಲುದಾರರು,” ಎಂದ ಸುಸ್ಥಿರಮತಿ.

“ಹಂಗಾರೆ ನಮ್ ಪಾಲಿನ ಕೊಂಬೆ ಬುಟ್ಬುಡಿ!”

ಮಂತ್ರಿ ಸಲಹೆಯನ್ನು ಸ್ವಾಗತಿಸಿ ಕೊಂಬೆಯನ್ನು ಕಡಿಸಿದ.

ಮಂಟಪವೆದ್ದಿತು. ನೈಸರ್ಗಿಕ ಬೆಳಕಿಗೆಂದು ಚಾವಣಿಯ ತುಂಬ ಸಂದು. ಸುತ್ತ ತುಳಿಯಬಾರದ ಹುಲ್ಲು. ಹಾಡುವವರ ಉಸಿರಿನಿಂದ ಮರ ಬೆವರೀತೆಂದು ಬಾಗಿಲಿಗೆ ಬೀಗ. ಸಂಸ್ಕೃತಿಯ ರಕ್ಷಣೆಗಾಗಿ ಸಂಸ್ಕೃತಿಗೆ ಪ್ರವೇಶವಿರಲಿಲ್ಲ. ದೀಪ, ನೀರು, ಮನುಷ್ಯ ಯಾವುದೂ ಖರ್ಚಾಗದ ಕಾರಣ ಅದಕ್ಕೆ ರಾಜ್ಯದ ಪರಮಸುಸ್ಥಿರ ಕಟ್ಟಡವೆಂಬ ಕಿರೀಟ ದೊರೆಯಿತು.

ಉದ್ಘಾಟನೆಯ ದಿನ ಟೇಪು ಕತ್ತರಿಸಿದ ರಾಜರು ಬೆವರಿ ಬಸವಳಿದು ಮೇಲೆ ನೋಡಿದರು. “ಸುಸ್ಥಿರಮತೀ, ಈ ಬಿಸಿಲನ್ನು ಉದ್ಘಾಟಿಸಿದವರು ಯಾರು?”

“ಅಯ್ಯೋ, ಯಾರೂ ಇಲ್ಲ ಪ್ರಭು!”

ಒಡನೆಯೇ ಇನ್ನೊಂದು ಕಲ್ಲು ಬಂತು. ಬಿಸಿಲು ಲೋಕಾರ್ಪಣೆಗೊಂಡು, ಅದರ ನಿರ್ವಹಣೆಗೆ ಪ್ರಜೆಗಳ ಮೇಲೆ ಶುಲ್ಕವೂ ಬಿತ್ತು.

ಪುಟ್ಟಗೌರಮ್ಮ ಮತ್ತವರ ಶಿಷ್ಯೆಯರು ಸಾಲಿನಲ್ಲಿ ನಿಂತು ಶುಲ್ಕ ಕಟ್ಟಿ, ಬಯಲಲ್ಲೇ ಹಾಡತೊಡಗಿದರು. ನೆತ್ತಿ ಸುಟ್ಟಾಗ ಪುಟ್ಟಗೌರಮ್ಮ ಆ ರಸೀದಿಯನ್ನೇ ತಲೆಗೆ ಅಡ್ಡ ಹಿಡಿದರು. ಮೂಗಿನ ಮೇಲೆ ಅಂಗೈಯಗಲ ತಂಪು ಬಿತ್ತು.

ಕಾವಲುಗಾರ ಸೀಟಿ ಊದುತ್ತ ಓಡಿಬಂದ.

“ಏನವ್ವಾ, ಈ ನೆರಳ್ಗೆ ಕಲ್ಲು ನೆಡ್ಸಿದ್ದೀರಾ?”