ನಾಲ್ಕನೆಯ ಕಂಬದ ಫೋಟೋ

ಗ್ರಂಥಪಾಲಕಿ ಎಂದ ಮೇಲೆ ಲೋಕದಲ್ಲಿ ಯಾವುದು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲೇಬೇಕು ಎಂದು ಜನ ನಂಬಿದ್ದಾರೆ. ಮಾಗಡಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿರುವ ನಾನು ಈ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ. ಮನೆಯಲ್ಲಿ ಬೀರುವಿನ ಕೀಲಿಯನ್ನು ದಿನಾ ಹುಡುಕಿಕೊಡುವವರು ನಮ್ಮ ಯಜಮಾನರು ಎಂಬುದು ಕಾಲೇಜಿಗೆ ತಿಳಿಯಬೇಕಾದ ವಿಷಯವಲ್ಲ. ಆದರೆ ಈ ಬಡಾಯಿಯೇ ಮೊನ್ನೆ ನನ್ನ ಕುತ್ತಿಗೆಗೆ ಬಂತು.

ಸೋಲೂರಿನ ಹತ್ತಿರ ಯಜಮಾನರ ಊರಿನಲ್ಲಿ ನಾಲ್ಕು ಕಂಬದ ಕಲ್ಲಿನ ಮಂಟಪವೊಂದಿದೆ. ಡೈರಿಗೆ ಹಾಲು ಹಾಕಿ ಬಂದವರು ಕೂತು ಹರಟುವ ಜಾಗ. ತೆಂಗಿನಕಾಯಿ ಲಾರಿಯೊಂದು ಹಿಂದಕ್ಕೆ ಬರುವಾಗ ಗುದ್ದಿ, ಮುಂದಿನ ಒಂದು ಕಂಬ ಚೂರುಚೂರಾಯಿತು. ಕಲ್ಲು ಕೆತ್ತುವ ನಂಜುಂಡಾಚಾರಿ ಬಂದು ನೋಡಿ, "ನಾಲ್ಕು ಕಂಬಕ್ಕೂ ಬ್ಯಾರೆ ಬ್ಯಾರೆ ಕೆತ್ನೆ ಐತೆ. ಹೋಗಿರೋದ್ರಲ್ಲಿ ಏನಿತ್ತು ಅಂತ ಒಂದು ಫೋಟೋ ತೋರ್ಸಿ, ಹಂಗೇ ಮಾಡ್ಕೊಡ್ತೀನಿ" ಎಂದರು. ಊರಿನವರ ಮೊಬೈಲುಗಳಲ್ಲಿ ಮಂಟಪಕ್ಕೇನೂ ಬರವಿರಲಿಲ್ಲ. ಆದರೆ ಪ್ರತಿಯೊಂದರಲ್ಲೂ ಯಾರೋ ಹಲ್ಲು ಬಿಟ್ಟುಕೊಂಡು ಆ ಕಂಬದ ಮುಂದೆಯೇ ನಿಂತಿದ್ದರು. ಊರಿನ ಯಜಮಾನಿಕೆ ನೋಡುವ ನಮ್ಮ ಚಿಕ್ಕಮಾವ, "ಸೋಮ್ವಾರದೊಳ್ಗೆ ಫೋಟೋ ಸಿಕ್ನಿಲ್ಲ ಅಂದ್ರೆ ಸಿಮೆಂಟ್ ಕಂಬ ನಿಲ್ಸಿ ಪೇಂಟ್ ಹೊಡ್ದ್ಬುಡ್ತೀವಿ ಕಣವ್ವ" ಎಂದರು. ಆ ಕಲ್ಲುಗಳ ನಡುವೆ ನೀಲಿ ಪೇಂಟಿನ ಕಂಬವೇ! "ಆನ್‌ಲೈನ್ ಗ್ರಂಥಾಲಯದಲ್ಲಿ ಸಿಗದೆ ಇರೋದು ಯಾವುದಿದೆ ಮಾವ, ನಾನಿಲ್ವಾ?" ಎಂದುಬಿಟ್ಟೆ.

ಆನ್‌ಲೈನ್ ಗ್ರಂಥಾಲಯಗಳಲ್ಲಿ ಕಟ್ಟಡಗಳ ಚಿತ್ರ ರಾಶಿರಾಶಿ ಇವೆ. ಅವಕ್ಕೆ ಹೆಸರಿಟ್ಟವರು ಮಾತ್ರ ಕಣ್ಣು ಮುಚ್ಚಿಕೊಂಡು ಇಟ್ಟಿದ್ದಾರೆ. ಮಾಗಡಿಯ ಮಂಟಪ ಕೇಳಿದರೆ ಹಂಪಿ ಬಂತು. ಸೋಲೂರು ಕೇಳಿದರೆ ಸೊಲ್ಲಾಪುರದ ರೈಲು ನಿಲ್ದಾಣ ಬಂತು. 'ಸಾವನದುರ್ಗದ ದೇವಸ್ಥಾನ' ಎಂಬ ಹೆಸರಿನ ಚಿತ್ರದಲ್ಲಿ ಬಂಡೆಗೆ ಒರಗಿ ಚಿತ್ರಾನ್ನ ತಿನ್ನುತ್ತಿದ್ದ ಮಹನೀಯರೊಬ್ಬರಿದ್ದರು. ಮಿಕ್ಕದ್ದೆಲ್ಲ 'ಹಳೆಯ ಕಟ್ಟಡ'. ಹಳೆಯದು ಎಂದು ನನಗೂ ಕಾಣುತ್ತದೆ, ಯಾವ ಊರಿನದು ಹೇಳಿ ಪುಣ್ಯಾತ್ಮರೇ! ಸಿಕ್ಕಷ್ಟನ್ನು ಒಪ್ಪವಾಗಿಡಲು ಕಂಪ್ಯೂಟರಿನಲ್ಲಿ 'ಮಂಟಪ' ಎಂಬ ಫೋಲ್ಡರ್ ಮಾಡಿದೆ. ಅದು ತುಂಬಿದ ಮೇಲೆ 'ಮಂಟಪ ಹೊಸದು', ಆಮೇಲೆ 'ಮಂಟಪ ಇದೇ', ಶನಿವಾರದ ಹೊತ್ತಿಗೆ 'ಮಂಟಪ ಇದೇ ಇರಬಹುದು'. ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಹುಡುಕಿ ತಲೆ ಕೆಟ್ಟುಹೋಯಿತು. ಪುಸ್ತಕವನ್ನು ತಪ್ಪು ಕಪಾಟಿನಲ್ಲಿಟ್ಟ ವಿದ್ಯಾರ್ಥಿಗಳಿಗೆ ಇಷ್ಟು ವರ್ಷ ನಾನು ಬೈದಿರುವ ಬೈಗುಳಗಳು ಒಂದೊಂದಾಗಿ ನೆನಪಾದವು. ಅಷ್ಟರಲ್ಲಿ ಚಿಕ್ಕಮಾವನ ಫೋನು: "ಏನವ್ವಾ, ಸಿಕ್ತಾ? ಸಿಮೆಂಟ್ ಮೂಟೆ ಇಳ್ಸವ್ರೆ."

ಭಾನುವಾರ ಮಧ್ಯಾಹ್ನ ಕೊನೆಗೂ ಸಿಕ್ಕಿತು. ಎಲ್ಲಿ ಅಂತೀರಿ? ನಮ್ಮ ಕಾಲೇಜೇ ಹಿಂದೊಮ್ಮೆ ಆನ್‌ಲೈನಿಗೆ ಸೇರಿಸಿದ್ದ ಚಿತ್ರಗಳಲ್ಲಿ, 'ಸಿಬ್ಬಂದಿ ಪ್ರವಾಸ' ಎಂಬ ಹೆಸರಿನಡಿ. ಸಾವನದುರ್ಗಕ್ಕೆ ಹೋಗಿದ್ದಾಗ ಸಹೋದ್ಯೋಗಿಗಳನ್ನು ನಮ್ಮೂರಿಗೂ ಕರೆದೊಯ್ದಿದ್ದೆ. ಆ ಹೆಸರಿಟ್ಟವಳೂ ನಾನೇ. ನಾಚಿಕೆಪಡಲು ಪುರಸೊತ್ತಿರಲಿಲ್ಲ. ಉಗುರಿನಷ್ಟು ಚಿತ್ರದಲ್ಲಿ ಮಂಟಪದ ತಲೆ ಕಂಡದ್ದೇ ತಡ, ದೊಡ್ಡದು ಮಾಡಿಯೂ ನೋಡದೆ ಆಚಾರಿಗೆ ಕಳಿಸಿದೆ.

ಐದು ನಿಮಿಷಕ್ಕೆ ಅವರ ಫೋನು ಬಂತು. "ಫೋಟೋ ಬಲು ಚೆಂದಾಗ್ ಬಂದೈತೆ ಮೇಡಂ. ಮೂರು ಕಂಬ ಗೆರೆಗೆರೆನೂ ಕಾಣ್ತೈತೆ. ನಮ್ಗೆ ಬೇಕಾದ್ ಕಂಬದ್ ಮುಂದೆ ಮಾತ್ರ ಯಾರೋ ಹೆಂಗ್ಸು ನಿಂತವ್ರೆ. ಒಸಿ ಅವ್ರನ್ನ ತೆಗ್ದು ಕಳ್ಸಾಕಾಯ್ತದಾ?"

ದೊಡ್ಡದು ಮಾಡಿ ನೋಡಿದೆ. ತಂಪು ಕನ್ನಡಕ, ತೋಳಿನಲ್ಲಿ ವ್ಯಾನಿಟಿ ಬ್ಯಾಗು, ನೇರಳೆ ಸೀರೆ. ಊರಿನವರ ಮೊಬೈಲುಗಳನ್ನೆಲ್ಲ ಹಳಿದು ಬಂದಿದ್ದ ನಾನೇ ಕಂಬದ ಪೀಠ ಹತ್ತಿ ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಯಾರೆಂದು ಹೇಳಿದೆ. ಆಚಾರಿ, "ಹೋಗ್ಲಿ ಬುಡಿ. ನಿಮ್ ತಲೆ ಮ್ಯಾಗ್ ಕಾಣೋದು, ಕಾಲ್ ಕೆಳ್ಗೆ ಕಾಣೋದು ಕೆತ್ತೀನಿ. ಗೊತ್ತಿಲ್ದಿರೋದ್ನ ಸುಳ್ಸುಳ್ಳೇ ಕೆತ್ತಾಕಾಗಕಿಲ್ಲ" ಎಂದರು.

ಕಲ್ಲಿನ ಕಂಬವೇ ನಿಂತಿತು. ಮೇಲೆ ಹೂವಿನ ಸಾಲು, ಕೆಳಗೆ ಆನೆಗಳ ಪೀಠ, ನಡುವೆ ಐದಡಿ ಬೋಳು. ಕಂಬದ ಅಗಲ ನನ್ನ ಅಗಲಕ್ಕಿಂತ ಕಡಿಮೆಯಾದ್ದರಿಂದ ಅಕ್ಕಪಕ್ಕದಲ್ಲೂ ಒಂದು ಬಳ್ಳಿ ಉಳಿದಿಲ್ಲ. ಈ ಸಲವಾದರೂ ಸರಿಯಾದ ಹೆಸರಿಟ್ಟು ಗ್ರಂಥಾಲಯಕ್ಕೆ ಸೇರಿಸೋಣವೆಂದು ಮೊಬೈಲು ಹಿಡಿದು ಹೋದೆ. ಚಿಕ್ಕಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಬರೀ ಕಂಬ ತೆಗುದ್ರೆ ಏನ್ ಚೆಂದ? ಹೋಗಿ ನಿಂತ್ಕೊ ಕಣವ್ವ, ಹೆಂಗೂ ನಿನ್ ಅಳ್ತೆಗೇ ಐತೆ" ಎಂದರು.

ನಾನೂ ಸೆರಗು ಸರಿ ಮಾಡಿಕೊಂಡು ಹೋಗಿ ನಿಂತೆ.